ಸತ್ತವರನ್ನೆಲ್ಲ ಎಬ್ಬಿಸಿದ ರವಿವಾರ

ಟಿವಿಯಲ್ಲಿ ಯಾರಾದರೂ ಸತ್ತ ಕೂಡಲೇ ಅದನ್ನು ಬಂದ್ ಮಾಡಿ ಏಳುವುದು ನನ್ನಿಂದ ಆಗುವುದಿಲ್ಲ. ಕುಕ್ಕರ್ ಸೀಟಿ ಹೊಡೆಯಲಿ, ಬಾಗಿಲಲ್ಲಿ ಯಾರಾದರೂ ಕೂಗಲಿ, ಸಾವಾದ ಮೇಲೆ ಛಲೋದು ಏನಾದರೂ ಒಂದಿಷ್ಟು ಕಣ್ಣಿಗೆ ಬೀಳಬೇಕು, ಆಮೇಲೆಯೇ ನಾನು ಏಳುವವಳು. ಕತೆಯಲ್ಲಿ ಒಂದು ಲಗ್ನವಾಗಬೇಕು, ಇಲ್ಲಾ ಕೂಸು ಹುಟ್ಟಬೇಕು. ಏನೂ ಗತಿ ಇಲ್ಲದಿದ್ದರೆ ನಡುವಿನ ಜಾಹೀರಾತಿನಲ್ಲಿ ಯಾವಳಾದರೂ ನಗುನಗುತ್ತ ಅರಿವೆ ಒಗೆದರೂ ನಡೆದೀತು. ನಮ್ಮ ಮನೆಯವರು ರಿಮೋಟು ಹಿಡಿದುಕೊಂಡು ಕಾಯುತ್ತ ಕೂಡುತ್ತಾರೆ. “ಹಾಂ, ಸಾಬೂನಿನಾಕಿ ನಕ್ಕಳು. ಈಗರ ಊಟಕ್ಕ ಏಳತೀಯೋ ಇಲ್ಲೋ,” ಅನ್ನುತ್ತಾರೆ. ನಾನು ನೋಡಿದರೆ ಬಿ.ಎಸ್ಸಿ. ಓದಿದವಳು, ಸಾಲಿ ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಇಂಥ ಚಟ ಇವಳಿಗೆ ಹೆಂಗೆ ಹತ್ತಿತು ಅಂತ ನೀವು ಕೇಳಿದರೆ ಗಂಗವ್ವನ ಸುದ್ದಿ ಹೇಳಬೇಕಾಗುತ್ತದೆ. ಗಂಗವ್ವನ ಸುದ್ದಿಗೆ ಮೊದಲು ನನ್ನ ಇಂಗ್ಲಿಷಿನ ಸುದ್ದಿ ಹೇಳಬೇಕು. ಅದು ಮರ್ಯಾದೆಯ ವಿಷಯ, ನಿಮ್ಮಲ್ಲಿಯೇ ಇರಲಿ.

ಹತ್ತನೆಯ ಇಯತ್ತೆಯವರೆಗೆ ನನ್ನದು ಕನ್ನಡ ಸಾಲಿ. ಆಮೇಲೆ ಒಮ್ಮೆಲೇ ಎಲ್ಲಾ ಇಂಗ್ಲಿಷು. ಗೋಪನಕೊಪ್ಪದ ಮನೆಯಿಂದ ಹೊರಟು, ರಾಯಾಪುರದವರೆಗೂ ಬಸ್ಸಿನಲ್ಲಿ ನಿಂತು, ಅಲ್ಲಿ ಯಾರಾದರೂ ಇಳಿದರೆ ಧಾರವಾಡದವರೆಗೆ ಕೂತು ಕಾಲೇಜು ಮುಟ್ಟುತ್ತಿದ್ದೆ. ಮುಟ್ಟಿದ ಮೇಲೆ ಸರ್ ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುತ್ತಿದ್ದೆ. ಅಷ್ಟು ಛಂದ ಅಲ್ಲಾಡಿಸುತ್ತಿದ್ದೆನೆಂದರೆ ಅವರು ನನ್ನನ್ನು ಶಾಣ್ಯಾಳೆಂದು ತಿಳಿದು ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ಆವಾಗ ನನ್ನ ಶಾಣ್ಯಾತನ ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ ರೈಲ್ವೆ ಆಫೀಸಿನ ಕಾರಕೂನ. ಅವನಿಗೆ ಎಲ್ಲದಕ್ಕೂ ಒಂದು ಉಪಾಯ ಗೊತ್ತಿರುತ್ತಿತ್ತು. “ಇಂಗ್ಲಿಷು ಕಿವಿಗೆ ಬಿದ್ದಷ್ಟೂ ಬಾಯಿಗೆ ಬರತೇತಿ,” ಎಂದು ಮನೆಗೆ ಕೇಬಲ್ ಹಾಕಿಸಿದ. ರವಿವಾರ ಮುಂಜಾನೆ ಹನ್ನೊಂದಕ್ಕೆ ಬರುವ ಒಂದು ಧಾರಾವಾಹಿಯನ್ನು ಅವನೇ ಆರಿಸಿಕೊಟ್ಟ. ಅದರ ತುಂಬ ಆಕಾಶದಲ್ಲಿ ಓಡಾಡುವ ಹಡಗುಗಳು, ಮಿಣಮಿಣ ಅನ್ನುವ ಗುಂಡಿಗಳು, ಮೈಗೆ ಹಚ್ಚಿ ಹೊಲಿದಂಥ ಅಂಗಿ ತೊಟ್ಟ ಮಂದಿ. “ಇದರಾಗ ಸೈನ್ಸೂ ಐತಿ, ಇಂಗ್ಲಿಷೂ ಐತಿ. ಎರಡೂ ಒಮ್ಮೆ ಆಗತಾವ,” ಅಂದ ಅಪ್ಪ, ಒಂದೇ ಚೀಲದಲ್ಲಿ ಉಳ್ಳಾಗಡ್ಡಿ ಬಟಾಟಿ ಎರಡೂ ತಂದವನ ಖುಷಿಯಲ್ಲಿ. ಆ ಧಾರಾವಾಹಿಯ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಅದಕ್ಕೆ ‘ಮ್ಯಾಲಿನ ಮಂದಿ’ ಅಂತ ಹೆಸರಿಟ್ಟಳು. ಅದೇ ಗಟ್ಟಿಯಾಯಿತು.

ಇನ್ನು ಗಂಗವ್ವ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದಳು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಬಸು, ಮಿಲಿಟರಿ ಸೇರಿದ್ದ. ಆಗ ಓಣಿಗೆಲ್ಲ ನಮ್ಮದೊಂದೇ ಫೋನು. ಬಸು ರವಿವಾರ ಮುಂಜಾನೆ ಅದಕ್ಕೆ ಫೋನು ಹಚ್ಚಬೇಕು, ಗಂಗವ್ವ ನಮ್ಮ ಮನೆಗೆ ಬಂದು ಮಾತಾಡಬೇಕು, ಹಿಂಗೆ ಅವರ ಕರಾರು. ಫೋನು ಎಷ್ಟು ಹೊತ್ತಿಗೆ ಬರುತ್ತದೋ ಹೇಳಲಿಕ್ಕೆ ಬರುವುದಿಲ್ಲವಲ್ಲ. ಆಕೆ ಹಾಲಿನ ಕ್ಯಾನು ಬಾಗಿಲಲ್ಲಿಟ್ಟು, ಸೆರಗು ಸರಿ ಮಾಡಿಕೊಂಡು, ಫೋನಿನ ಪಕ್ಕ ಗೋಡೆಗೆ ಆತು ಕೂಡುತ್ತಿದ್ದಳು. ಕೂತಲ್ಲಿಂದ ಟಿವಿ ಎದುರಿಗೇ ಕಾಣುತ್ತಿತ್ತು.

ಮೊದಲ ದಿನವೇ ಕೇಳಿದಳು, “ಯವ್ವಾ, ಈತನ ಹಣಿ ಯಾಕ ಹೀರೀಕಾಯಿ ಆದಂಗ ಆಗೇತಿ?” ಖರೇ ಹೇಳಬೇಕೆಂದರೆ ಅದು ಬರೋಬ್ಬರಿ ಹೋಲಿಕೆ. ಎದುರು ಪಕ್ಷದವರ ಹಣೆಯ ಮೇಲೆ ಹೀರೇಕಾಯಿಯ ಮೇಲಿರುವಂಥ ಏಣುಗಳಿದ್ದವು. ಬಣ್ಣವೂ ಹೆಚ್ಚುಕಡಿಮೆ ಅದೇ. ನಾನು ಬಿ.ಎಸ್ಸಿ.ಯವಳ ಗತ್ತಿನಲ್ಲಿ ಅವರು ಬೇರೆ ಗ್ರಹದವರೆಂದೂ, ಹಡಗಿನವರಿಗೂ ಅವರಿಗೂ ಹಗೆ ಇದೆಯೆಂದೂ ಹೇಳಿದೆ. ಗಂಗವ್ವ, “ಹೊಲದ ಬದುವಿನ ಜಗಳೇನು?” ಅಂದಳು. ಜಗಳದ ಕಾರಣ ನನಗೂ ತಿಳಿದಿರಲಿಲ್ಲ. “ಹೌದು, ಬದುವಿಂದ,” ಅಂದುಬಿಟ್ಟೆ. ಹಿಂಗೆ ನನ್ನ ಭಾಷಾಂತರದ ಅಂಗಡಿ ಶುರುವಾಯಿತು.

ನನಗೆ ನಾಲ್ಕು ಶಬ್ದದಲ್ಲಿ ಒಂದು ತಿಳಿಯುತ್ತಿತ್ತು. ಉಳಿದ ಮೂರನ್ನು ನಾನೇ ಹುಟ್ಟಿಸುತ್ತಿದ್ದೆ. ನಮ್ಮ ಕತೆಯಲ್ಲಿ ಹಡಗಿನ ಕ್ಯಾಪ್ಟನ್ನಿಗೂ ಡಾಕ್ಟರಿಗೂ ಮಾತಿಲ್ಲ, ಯಾಕೆಂದರೆ ಡಾಕ್ಟರು ಕ್ಯಾಪ್ಟನ್ನಿನ ತಂಗಿಯನ್ನು ನೋಡಿ ಹೋಗಿ ಒಲ್ಲೆ ಅಂದಿದ್ದ. ಇಂಗ್ಲಿಷಿನಲ್ಲಿ ಅವರು ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಆದರೆ ಗಂಟುಮುಖ ಹಾಕಿಕೊಂಡು ಮಾತಾಡುತ್ತಿದ್ದರು, ಅಷ್ಟು ನನಗೆ ಸಾಕಾಗಿತ್ತು. ಸುದ್ದಿ ಹಬ್ಬಿ ಓಣಿಯ ಇನ್ನೂ ಮೂರು ನಾಲ್ಕು ಹೆಂಗಸರು ಬರತೊಡಗಿದರು. ಆಯಿ ಎಲ್ಲರಿಗಿಂತ ಮುಂದೆ, ಮಣೆ ಹಾಕಿಕೊಂಡು ಕೂಡುತ್ತಿದ್ದಳು. ಅಪ್ಪ ಇದು ನನ್ನ ಓದಿನ ಅಭ್ಯಾಸವೆಂದು ತಿಳಿದು, ಸದ್ದು ಮಾಡಬಾರದೆಂದು ಚೀಲ ತೆಗೆದುಕೊಂಡು ಸಂತೆಗೆ ಹೋಗಿಬಿಡುತ್ತಿದ್ದ.

ಇವರೆಲ್ಲ ಶ್ರಾವಣದಲ್ಲಿ ಮಠದ ಪುರಾಣ ಕೇಳಿ ರೂಢಿಯಾದವರು. ನಮ್ಮ ಕಡೆ ಪುರಾಣ ಹಚ್ಚಿದರೆಂದರೆ ಅದು ಬರೀ ಕೇಳುವ ಕೆಲಸವಲ್ಲ. ಕತೆಯಲ್ಲಿ ಮಹಾತ್ಮರು ಹುಟ್ಟಿದ ದಿವಸ ಮಠದಲ್ಲಿ ಖರೇಖರೇ ತೊಟ್ಟಿಲು ಕಟ್ಟಿ ಜೋಗುಳ ಹಾಡಿ ಸಕ್ಕರೆ ಹಂಚಬೇಕು. ಲಗ್ನದ ದಿವಸ ಅಕ್ಕಿಕಾಳು ಹಾಕಿ ಗೋದಿ ಹುಗ್ಗಿ ಉಣ್ಣಬೇಕು. ಎಲ್ಲಕ್ಕೂ ಮುಖ್ಯವಾದದ್ದು, ಸಾವಿನಲ್ಲಿ ಪುರಾಣ ನಿಲ್ಲಿಸಬಾರದು. ಯುದ್ಧದಲ್ಲಿ ಯಾರಾದರೂ ಬಿದ್ದ ದಿವಸ ಶಾಸ್ತ್ರಿಗಳು ಎಷ್ಟು ಹೊತ್ತಾದರೂ ಕತೆಯನ್ನು ಎಳೆದುಕೊಂಡು ಹೋಗಿ, ಒಂದು ನಾಮಕರಣಕ್ಕೋ ಪಟ್ಟ ಕಟ್ಟುವುದಕ್ಕೋ ಮುಟ್ಟಿಸಿ, ಆಮೇಲೆ ಮಂಗಳ ಹಾಡುತ್ತಿದ್ದರು. ಇಲ್ಲದಿದ್ದರೆ ಕೇಳಿದವರು ಆ ಸಾವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಂತೆ. ಇದೇ ನಿಯಮ ನಮ್ಮ ಟಿವಿಗೂ ಬಂತು. ಹಡಗಿನಲ್ಲಿ ಒಬ್ಬಳು ಹಡೆದಾಗ ಗಂಗವ್ವ ಪುಡಿಕೆಯಲ್ಲಿ ಸಕ್ಕರೆ ತಂದಳು. ಕ್ಯಾಪ್ಟನ್ನಿನ ಲಗ್ನವಾದಾಗ ಎಲ್ಲರೂ ಟಿವಿಗೆ ಅಕ್ಕಿಕಾಳು ಹಾಕಿದರು. ಟಿವಿಯ ಹಿಂದಿನ ಸಂದಿಗಳಲ್ಲಿ ಹೊಕ್ಕ ಅಕ್ಕಿಯನ್ನು ಅಪ್ಪ ಹೇರ್‌ಪಿನ್ನಿನಿಂದ ತೆಗೆಯುತ್ತ, ಇದು ಯಾವ ಸೈನ್ಸು ಅಂತ ನನ್ನನ್ನು ಕೇಳಿದ.

ಆ ವರ್ಷ ಬೇಸಿಗೆಗೆ ಗಡಿಯ ಗುಡ್ಡಗಳಲ್ಲಿ ಯುದ್ಧ ಹತ್ತಿತು. ಬಸು ಅಲ್ಲಿಯೇ ಇದ್ದ. ಒಂದು ರವಿವಾರ ಫೋನು ಬರಲಿಲ್ಲ. ಮುಂದಿನ ರವಿವಾರವೂ ಬರಲಿಲ್ಲ. ಗಂಗವ್ವ ಎಂದಿನಂತೆ ಬಂದು ಗೋಡೆಗೆ ಆತು ಕೂತಳು. ವಾರ್ತೆ ಹಚ್ಚಲೇನು ಅಂತ ಅಪ್ಪ ಕೇಳಿದಾಗ, “ಬ್ಯಾಡ್ರಿ ಅಣ್ಣಾರ, ಅದರಾಗ ಹೆಸರು ಓದತಾರ. ಮ್ಯಾಲಿನ ಮಂದಿದು ಹಚ್ರಿ,” ಅಂದಳು. ಹೆಸರು ಓದುತ್ತಾರೆ ಅಂದ ಆಕೆಯ ಮಾತು ನನಗೆ ಬಹಳ ದಿವಸ ನಿದ್ದೆಗೆಡಿಸಿತು.

ಅವತ್ತು ನಾನು ಒಂದು ನಿರ್ಧಾರ ಮಾಡಿದೆ. ನನ್ನ ಭಾಷಾಂತರದಲ್ಲಿ ಯಾರೂ ಸಾಯುವಂತಿಲ್ಲ. ನೆಟ್ಟಗೆ ಎದೆಗೆ ಬೆಂಕಿಯ ಬಾಣ ಬಿದ್ದು ಮೂರು ಉರುಳು ಉರುಳಿದವನನ್ನೂ “ಚಕ್ಕರ ಬಂದು ಬಿದ್ದ” ಅನ್ನುತ್ತಿದ್ದೆ. ಹಡಗಿನ ಗೋಡೆ ಒಡೆದು ಕತ್ತಲಲ್ಲಿ ತೇಲಿ ಹೋದವನಿಗೆ “ಬೇರೆ ಊರಿಗೆ ವರ್ಗ ಆತು” ಅಂದೆ. ಬಿದ್ದವರ ಮೇಲೆ ಅರಿವೆ ಹೊದಿಸಿದರೆ ಥಂಡಿ ಹತ್ತೇತಿ ಅಂತ ಹೊದಿಸ್ಯಾರ ಅಂದೆ. ಆಯಿಯ ಬಾಯಿ ಸುಮ್ಮನಿರುವಂಥದ್ದಲ್ಲ. “ಇಷ್ಟ ಮಂದಿಗೆ ಚಕ್ಕರ ಬರತೇತಿ ಅಂದ್ರ ಮ್ಯಾಲ ಉಣ್ಣಾಕ ಏನೂ ಸಿಗಂಗಿಲ್ಲ ಕಾಣತೇತಿ,” ಅಂದಳು. ಹೆಂಗಸರು ನಕ್ಕರು. ಗಂಗವ್ವನೂ ಸೆರಗು ಬಾಯಿಗೆ ಹಚ್ಚಿ ನಕ್ಕಳು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಇದಾದ ಮುಂದಿನ ವಾರದ ಕಂತು ಬೇರೆಯದೇ ಆಗಿತ್ತು. ಹಡಗಿಲ್ಲ, ಮಿಣಮಿಣ ಗುಂಡಿಗಳಿಲ್ಲ. ಯಾವುದೋ ಗ್ರಹದ ಮೇಲೆ ಒಂದು ಕಲ್ಲಿನ ಗವಿ. ಒಳಗೆ ಇಬ್ಬರೇ, ಹಡಗಿನ ಪಕ್ಷದ ಒಬ್ಬ ಎಳೆಯ ಸಿಪಾಯಿ, ಹೀರೇಕಾಯಿ ಮಂದಿಯ ಒಬ್ಬ ಎಳೆಯ ಸಿಪಾಯಿ. ಇಬ್ಬರಿಗೂ ಗಾಯ. ಮೊದಲು ಒಬ್ಬರ ಮೇಲೊಬ್ಬರು ಬಂದೂಕು ಹಿಡಿದು ಕೂತರು. ಆಮೇಲೆ ಕೈ ಸೋತು ಇಳಿಸಿದರು. ಹೀರೇಕಾಯಿಯವನ ಹತ್ತಿರ ನೀರಿತ್ತು, ಅರ್ಧ ಕುಡಿದು ಉಳಿದದ್ದನ್ನು ಈಚೆ ನೂಕಿದ. ಇಬ್ಬರಿಗೂ ಭಾಷೆ ತಿಳಿಯದು, ಆದ್ದರಿಂದ ಮಾತೇ ಇಲ್ಲ. ಜೀವನದಲ್ಲಿ ಮೊದಲ ಸಲ ಆ ಧಾರಾವಾಹಿ ನನಗೆ ಪೂರ್ತಿ ತಿಳಿಯಿತು. ಹೇಳುವುದಕ್ಕೆ ನನಗೆ ಏನೂ ಉಳಿಯಲಿಲ್ಲ. ನಡುನಡುವೆ ಹಡಗಿನ ಪಕ್ಷದ ಹುಡುಗನ ಮನೆ ತೋರಿಸುತ್ತಿದ್ದರು. ಅವನ ಅವ್ವ ಒಂದು ಪರದೆಯ ಮುಂದೆ ಕೂತು, ಅದರಲ್ಲಿ ಮಗನ ಮುಖ ಮೂಡೀತೆಂದು ಕಾಯುತ್ತಿದ್ದಳು. ನಾನು ಗಂಗವ್ವನ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಆಮೇಲೆ ಹೊರಗಿನಿಂದ ಯಾರೋ ಬಂದರು. ಯಾವ ಪಕ್ಷದವರೋ ತಿಳಿಯಲಿಲ್ಲ. ಗವಿಯ ಬಾಯಲ್ಲಿ ಬೆಳಕು ಬಿತ್ತು, ಗುಂಡು ಹಾರಿತು, ಇಬ್ಬರೂ ಬಿದ್ದರು. ಒಬ್ಬನ ನೆತ್ತರು ಕೆಂಪು, ಇನ್ನೊಬ್ಬನದು ಹಳದಿ, ಎರಡೂ ಒಂದೇ ಕಲ್ಲಿನ ಮೇಲೆ ಹರಿದವು. ಅಲ್ಲಿಗೆ ಟಕ್ ಅಂತ ಕರೆಂಟು ಹೋಯಿತು.

ಬೇರೆ ದಿವಸ ಆಗಿದ್ದರೆ ಹೆಂಗಸರು ಕೆಇಬಿಯವರಿಗೆ ಬೈಯುತ್ತ ಎದ್ದು ಹೋಗುತ್ತಿದ್ದರು. ಅವತ್ತು ಯಾರೂ ಏಳಲಿಲ್ಲ. ಫ್ಯಾನು ನಿಂತಿತು. ಆಯಿ ಮೆಲ್ಲಗೆ, “ಸತ್ತಲ್ಲಿಗೆ ನಿಂತತಲ್ಲ ಕತಿ,” ಅಂದಳು. ಎಲ್ಲರೂ ಗಂಗವ್ವನನ್ನು ನೋಡಿದರು. ಆಕೆಯ ಕೈ ಫೋನಿನ ಮೇಲಿತ್ತು.

“ಮುಂದ ಹೇಳು ತಂಗಿ,” ಅಂದಳು ಗಂಗವ್ವ.

“ಕರೆಂಟು ಹೋಗೇತಿ ದೊಡ್ಡವ್ವ. ಮುಂದಿಂದು ನನಗೂ ಗೊತ್ತಿಲ್ಲ.”

“ಇಷ್ಟ ದಿನಾ ಗೊತ್ತಿದ್ದ ಹೇಳಾಕತ್ತಿದ್ದಿ ಏನು?”

ಅಲ್ಲಿಯವರೆಗೆ ನನ್ನ ಇಂಗ್ಲಿಷಿನ ಗುಟ್ಟು ನನಗೊಬ್ಬಳಿಗೇ ಗೊತ್ತೆಂದು ತಿಳಿದಿದ್ದೆ. ಓಣಿಗೆಲ್ಲ ಗೊತ್ತಿತ್ತು, ಅಪ್ಪನಿಗೊಬ್ಬನಿಗೆ ಬಿಟ್ಟು.

“ಹಿಂಗ ಬಿಟ್ಟ ನಾ ಮನಿಗೆ ಹೋಗಾಕ ಬರೂದಿಲ್ಲ,” ಅಂದಳು ಗಂಗವ್ವ. “ಆ ಹುಡುಗನ್ನ ಎಬ್ಬಸು. ಅಂವ ಏಳೂತನಾ ನಾ ಏಳಂಗಿಲ್ಲ.” ಧ್ವನಿಯಲ್ಲಿ ಅಳು ಇರಲಿಲ್ಲ. ಹಾಲಿಗೆ ನೀರು ಬೆರೆಸುತ್ತೀ ಅಂದವರಿಗೆ ಉತ್ತರ ಕೊಡುವಾಗ ಇರುತ್ತಿದ್ದ ಗಟ್ಟಿತನವೇ ಇತ್ತು. ಆದರೆ ಫೋನಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ನನಗೆ ಹೆದರಿಕೆಯಾಯಿತು. ಈ ಕತೆ ನಾನು ಹಾಳು ಮಾಡಿದರೆ ಅಲ್ಲಿ ಗುಡ್ಡದ ಮೇಲೆ ಏನೋ ಆಗಿಬಿಡುತ್ತದೆ ಅನ್ನಿಸಿತು. ವಿಜ್ಞಾನದ ವಿದ್ಯಾರ್ಥಿನಿಗೆ ಹಿಂಗೆ ಅನ್ನಿಸಬಾರದು, ಅನ್ನಿಸಿತು.

ಶುರು ಮಾಡಿದೆ. “ಹುಡುಗ ಕಣ್ಣ ತಗದ. ಗುಂಡು ಭುಜಕ್ಕ ತಾಗಿತ್ತು, ಎದಿಗಲ್ಲ. ಅಷ್ಟರಾಗ ಡಾಕ್ಟರು ಬಂದ.”

“ಡಾಕ್ಟರು ಹೆಂಗ ಬಂದ?” ಅಂದಳು ಆಯಿ. “ಅವರ ಹಡಗ ಹ್ವಾದ ವಾರ ಸುಟ್ಟಿತ್ತಲ್ಲ.”

“ಬಾಡಗಿ ಹಡಗ ಮಾಡಕೊಂಡು ಬಂದ ಆಯಿ.”

“ಹಂಗ ಹೇಳು ಮತ್ತ.”

ಡಾಕ್ಟರು ಇಂಜೆಕ್ಷನ್ ಮಾಡಿದ. ಹುಡುಗ ಎದ್ದು ಕೂತ. ಗಂಗವ್ವ, “ಖಾಲಿ ಹೊಟ್ಟಿ, ಏನರ ಕುಡಸು,” ಅಂದಳು. ಆಕಾಶದ ಹಡಗಿನಲ್ಲಿ ಜೋಳದ ಗಂಜಿ ಕಾಸಿಸಿದೆ. ಉಪ್ಪು ಹಾಕಿಸಿದೆ. ಒಬ್ಬಳು ಮಜ್ಜಿಗೆಯೂ ಇರಲಿ ಅಂದಳು, ಮಜ್ಜಿಗೆಯನ್ನೂ ತರಿಸಿದೆ. ಹುಡುಗ ಕುಡಿದು ಬಾಯಿ ಒರೆಸಿಕೊಂಡ, ಪರದೆಯ ಮುಂದೆ ನಿಂತು ಅವ್ವನಿಗೆ ಆರಾಮ ಅದೀನಿ ಅಂದ. “ಇಲ್ಲಿಗೆ ಮಂಗಳ,” ಅಂತ ಕೈ ಮುಗಿದೆ. ಹೆಂಗಸರು ಸೆರಗು ಕೊಡವಿ ಏಳಲಿಕ್ಕೆ ಹೊರಟರು. ಗಂಗವ್ವ ಕೂತೇ ಇದ್ದಳು.

“ಆ ಹೀರೀಕಾಯಿ ಹುಡುಗ?”

ಅವನನ್ನು ನಾನು ಮರೆತೇಬಿಟ್ಟಿದ್ದೆ. ಆಯಿ ಹುಬ್ಬು ಗಂಟು ಹಾಕಿ, “ಅಂವ ವೈರಿ ಅಲ್ಲೇನ ಗಂಗವ್ವ? ಅಂವ ಇದ್ರೆಷ್ಟು ಬಿಟ್ರೆಷ್ಟು,” ಅಂದಳು.

“ಅವನ್ನೂ ಎಬ್ಬಸಿ ಮನಿಗೆ ಕಳಸ್ರಿ ಯವ್ವಾ. ಮನಿಗೆ ಹೋದಾಂವ ಗುಂಡ ಹೊಡ್ಯಾಂಗಿಲ್ಲ.” ಮತ್ತೆ ಅಂದಳು, “ನೀರ ಕೊಟ್ಟಾನ ಅಂವ.”

ಅವನನ್ನೂ ಎಬ್ಬಿಸಿದೆ. ಮಿಕ್ಕ ಗಂಜಿ ಅವನಿಗೆ. ಅವನ ಹಣೆಯ ಏಣುಗಳ ಮೇಲೆ ಪಟ್ಟಿ ಕಟ್ಟುವುದು ಡಾಕ್ಟರಿಗೆ ಬಹಳ ತ್ರಾಸಾಯಿತು ಅಂದಾಗ ಹೆಂಗಸರು ನಕ್ಕರು. ಈಗಾದರೂ ಮುಗಿಯಿತೆಂದುಕೊಂಡರೆ ಗಂಗವ್ವ ನನ್ನನ್ನು ನೆಟ್ಟಗೆ ನೋಡಿ, “ಇನ್ನ ಹಿಂದ ಚಕ್ಕರ ಬಂದ ಬಿದ್ದವರದು?” ಅಂದಳು. ನನ್ನ ಮುಖ ಬಿಸಿಯಾಯಿತು. ಎಲ್ಲಾ ಗೊತ್ತಿದ್ದು ನಕ್ಕಿದ್ದಳು ಹಂಗಾದರೆ, ನನ್ನ ಸಲುವಾಗಿ. ಎದೆಗೆ ಬಾಣ ಬಿದ್ದವನು ಎದ್ದ. ಥಂಡಿ ಹತ್ತಿದವರು ಹೊದಿಕೆ ಸರಿಸಿ ಎದ್ದರು. ವರ್ಗವಾಗಿ ಹೋದವನು ವರ್ಗ ರದ್ದು ಮಾಡಿಸಿಕೊಂಡು ಬಂದ. ಹೆಂಗಸರು ತಮಗೆ ನೆನಪಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿ ಹೇಳುತ್ತಿದ್ದರು, ನಾನು ಎಬ್ಬಿಸುತ್ತಿದ್ದೆ. ಹಡಗಿನ ದಪ್ಪ ಅಡುಗೆಯವನನ್ನು ಒಂದೇ ಸಲಕ್ಕೆ ಎಬ್ಬಿಸಲಿಕ್ಕೆ ಆಗಲಿಲ್ಲ, ಇಬ್ಬರು ಹಿಡಿಯಬೇಕಾಯಿತು. ನಮ್ಮವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಕೊನೆಗೆ ಎರಡೂ ಪಕ್ಷದವರು ಬದು ಅಳೆಸಿ, ಕಲ್ಲು ನೆಟ್ಟು, ತಂತಮ್ಮ ಊರಿಗೆ ಹೋದರು. ಗಂಗವ್ವ ಅಕ್ಕಿಕಾಳು ಕೇಳಿದಳು. ಎಲ್ಲರೂ ಎದ್ದು ನಿಂತು ಮಂಗಳ ಹಾಡಿ, ಕರೆಂಟಿಲ್ಲದ ಕಪ್ಪು ಟಿವಿಯ ಮೇಲೆ ಅಕ್ಕಿಕಾಳು ಹಾಕುವಾಗ ಅಪ್ಪ ಚೀಲ ಹಿಡಿದು ಒಳಗೆ ಬಂದ. ಚೀಲ ಇಟ್ಟು, ಹೇರ್‌ಪಿನ್ನು ಹುಡುಕಲಿಕ್ಕೆ ಹೋದ.

ಫೋನು ಅವತ್ತು ಬರಲಿಲ್ಲ. ಅದೇ ವಾರದ ನಡುವೆ ಒಂದು ಸಂಜೆ ಬಂತು. ಕಾಲಿಗೆ ಪೆಟ್ಟಾಗಿದೆ, ದವಾಖಾನೆಯಲ್ಲಿದ್ದೇನೆ, ಜೀವಕ್ಕೆ ಏನೂ ಇಲ್ಲ ಅಂದ ಬಸು. ಗಂಗವ್ವ ಅವನಿಗೆ ಮನಸಾರೆ ಬೈದಳು, ಫೋನು ಇಟ್ಟಳು, ನಮ್ಮ ಪಡಸಾಲೆಯ ನೆಲದ ಮೇಲೆ ಕೂತು ಗೊಳೋ ಅಂತ ಅತ್ತಳು. ಓಣಿಯಲ್ಲಿ ನನ್ನ ಕಿಮ್ಮತ್ತು ಏರಿತು. ಒಬ್ಬಾಕೆ ಬಂದು, ಕನ್ನಡ ಧಾರಾವಾಹಿಯೊಳಗಿನ ಸೊಸೆಗೆ ಲಗೂ ಒಂದು ಕೂಸು ಕೊಟ್ಟುಬಿಡು ಅಂದಳು. ಇದೆಲ್ಲ ಮೂಢನಂಬಿಕೆ ಅಂತ ನಾನು ಎಲ್ಲರಿಗೂ ತಿಳಿಸಿ ಹೇಳಿದೆ. ಒಳಗೊಳಗೆ ಬಹಳ ಜಂಬ ಬಂದಿತ್ತು.

ದಸರಾ ಮುಗಿದ ಮೇಲೆ ಬಸು ರಜೆಗೆ ಬಂದ. ಒಂದು ಸಂಜೆ ಮಾತಾಡಿಸಲಿಕ್ಕೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದ, ಎದುರಿಗೆ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಗಂಗವ್ವ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಇಡಲಿಕ್ಕೆ ಒಳಗೆ ಹೋದಳು. ಅವಳಿಂದ ಆತ ಎಲ್ಲಾ ಕೇಳಿದ್ದ. ಬಾಡಿಗೆ ಹಡಗು, ಜೋಳದ ಗಂಜಿ ನೆನೆಸಿ ನೆನೆಸಿ ನಕ್ಕ. ನಾನೂ ಹುರುಪಿಗೆ ಬಂದು, ದಪ್ಪ ಅಡುಗೆಯವನನ್ನು ಎಬ್ಬಿಸಿದ್ದನ್ನು ಕೈಮಾಡಿ ತೋರಿಸಿದೆ.

ನಗು ನಿಂತ ಮೇಲೆ ಬಸು ಕೇಳಿದ, “ಆ ಕಡಿಯವರನ್ನೂ ಎಬ್ಬಸಿದ್ರಿ ಅಂತಲ್ರಿ ಅಕ್ಕಾರ?”

“ಎಲ್ಲಾರನ್ನೂ. ನಿಮ್ಮವ್ವ ಬಿಡಬೇಕಲ್ಲ.”

ಆತ ಎಮ್ಮೆಗಳ ಕಡೆ ನೋಡಿದ. “ಒಬ್ಬಾಂವ ಉಳದಾನ್ರಿ,” ಅಂದ.

ನಾನು ಇನ್ನೂ ನಗುಮುಖದಲ್ಲೇ ಇದ್ದೆ. ಯಾವನು, ಯಾವ ಕಂತಿನವನು ಅಂತ ಕೇಳಲಿಕ್ಕೆ ಬಾಯಿ ತೆರೆದಿದ್ದೆ.

“ಕಲ್ಲಿನ ಸಂದ್ಯಾಗ ಕುಂತಿದ್ದ. ಮೀಸಿ ಈಗ ಮೂಡಾಕತ್ತಿದ್ವು. ನಾ ಅವನ್ನ ನೋಡಿದ್ನಿ, ಅಂವ ನನ್ನ ನೋಡಿದ. ನಾ ಮೊದಲ ಹೊಡದ್ನಿ.” ಬಸು ಅಂಗೈಯನ್ನು ತೊಡೆಗೆ ಒರೆಸಿಕೊಂಡ. “ಅವನ್ನೊಬ್ಬನ್ನ ಎಬ್ಬಸ್ರಿ ಅಕ್ಕಾರ.”

ನನಗೆ ಅಳು ಒತ್ತರಿಸಿ ಬಂತು. ಅತ್ತರೆ ಆತ ಕೇಳುವುದನ್ನು ಬಿಟ್ಟುಬಿಡುತ್ತಾನೆ ಅಂತ ನುಂಗಿಕೊಂಡೆ. ಅಷ್ಟು ಮಂದಿಯನ್ನು ಸರಸರ ಎಬ್ಬಿಸಿದ ಬಾಯಿಗೆ ಈ ಒಬ್ಬನನ್ನು ಎಬ್ಬಿಸುವುದು ಎಷ್ಟು ಭಾರವಾಯಿತೆಂದು ಹೆಂಗೆ ಹೇಳಲಿ. “ಎದ್ದ,” ಅಂದೆ. ಬಸು ಅಲುಗಾಡದೆ ಕೇಳುತ್ತಿದ್ದ. “ಮೈಮ್ಯಾಲಿನ ಮಣ್ಣ ಝಾಡಿಸಿಕೊಂಡ. ಬಂದೂಕ ಅಲ್ಲೇ ಬಿಟ್ಟ. ಗುಡ್ಡಾ ಇಳದ.”

“ಮನಿ ಮುಟ್ಟಿದ್ನೇನ್ರಿ?”

“ಮುಟ್ಟಿದ. ಅವರವ್ವ ಬಾಗಲದಾಗ ನಿಂತಿದ್ಲು. ಮೊದಲ ಬೈದ್ಲು. ಆಮ್ಯಾಲ ಕಾಲಿಗೆ ನೀರ ಕೊಟ್ಟು ಒಳಗ ಕರಕೊಂಡ್ಲು.”

ಬಸು ತಲೆ ತಗ್ಗಿಸಿದ. ಒಳಗಿನಿಂದ ಗಂಗವ್ವ ಚಹಾದ ಕಪ್ಪುಗಳನ್ನು ಹಿಡಿದುಕೊಂಡು ಬಂದಳು. ಮಗನನ್ನು ನೋಡಿದಳು, ನನ್ನನ್ನು ನೋಡಿದಳು. “ಯಾರ ಸುದ್ದಿ ನಡಸೀರಿ?” ಅಂದಳು.

ಬಸು ತೋಳಿನಿಂದ ಮುಖ ಒರೆಸಿಕೊಂಡು ಕಪ್ಪು ಇಸಿದುಕೊಂಡ. “ಯಾರದೂ ಇಲ್ಲ ಬೇ,” ಅಂದ. “ಟಿವ್ಯಾಗಿಂದು.”